ಎರಡನೇ ಎಂಜಿನ್ ಸ್ಟೆಪ್ನಿ ಅಲ್ಲ

ಪ್ರಶ್ನೆ: ಸರ್, ನಾನು ಗುಬ್ಬಿಯವನು. ತುಮಕೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಮನೆಯಲ್ಲೇ ವಿಮಾನ ಕಟ್ಟಿ ಹಾರಿಸುವವರ ವಿಡಿಯೊ ತುಂಬಾ ನೋಡುತ್ತೇನೆ. ನೋಡಿದ್ದರಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ಒಂದೇ ಎಂಜಿನ್. ಎರಡಿದ್ದರೆ ಒಂದು ಕೆಟ್ಟರೂ ಇನ್ನೊಂದರಲ್ಲಿ ಮನೆಗೆ ಬರಬಹುದು, ಅಲ್ವಾ? ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರಿಗೂ ಎರಡಿದೆ. ಮತ್ತೆ ಇವರು ಯಾಕೆ ಎರಡು ಹಾಕಲ್ಲ? ದುಡ್ಡು ಒಂದೇ ಕಾರಣವಾ? ನಾನು ಎರಡು ಬುಲೆಟ್ ಎಂಜಿನ್ ಹಾಕಿ ಒಂದು ಸಣ್ಣ ವಿಮಾನ ಮಾಡಬೇಕು ಅಂತಿದ್ದೇನೆ.

ಉತ್ತರ: ದುಡ್ಡೂ ಒಂದು ಕಾರಣ, ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳೋಣ. ದುಡ್ಡಿಗೆ ಏನೂ ಕೊರತೆ ಇಲ್ಲದವರೂ ಮನೆಯಲ್ಲಿ ಕಟ್ಟುವಾಗ ಒಂದೇ ಎಂಜಿನ್ ಹಾಕುತ್ತಾರೆ. ಬುಲೆಟ್ ವಿಷಯಕ್ಕೂ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಆ ಮಾತು ನೋಡಿ, "ಒಂದು ಕೆಟ್ಟರೂ ಇನ್ನೊಂದರಲ್ಲಿ ಬರಬಹುದು" ಅಂದಿರಲ್ಲ, ಅದು. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಮೂವತ್ತು ವರ್ಷ ಹ್ಯಾಂಗರಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದ ನಾನೂ ಶುರುವಿನಲ್ಲಿ ಹಾಗೇ ಅಂದುಕೊಂಡಿದ್ದೆ. ಎರಡನೇ ಎಂಜಿನ್ ಅಂದರೆ ಕಾರಿನ ಸ್ಟೆಪ್ನಿ ಅನ್ನೋ ಲೆಕ್ಕ. ಸ್ಟೆಪ್ನಿ ಡಿಕ್ಕಿಯಲ್ಲಿ ಸುಮ್ನೆ ಮಲಗಿರುತ್ತದೆ. ಪಂಕ್ಚರ್ ಆದ ದಿನ ಮಾತ್ರ ಹೊರಗೆ ಬರುತ್ತದೆ. ವಿಮಾನದ ಎರಡನೇ ಎಂಜಿನ್ ಹಾಗಲ್ಲ. ಅದು ಮೊದಲನೆಯದರ ಜೊತೆ ಹಾರಾಟದ ಇಡೀ ಹೊತ್ತು ದುಡಿಯುತ್ತಿರುತ್ತದೆ, ಮತ್ತು ಜೊತೆಯದು ನಿಂತ ಕ್ಷಣದಲ್ಲಿ ಅದೇ ನಿಮ್ಮನ್ನು ಎಳೆದು ಬೀಳಿಸಲು ನೋಡುತ್ತದೆ.

ಇದನ್ನು ಕಣ್ಣಾರೆ ನೋಡಬೇಕು. ಹೋದ ಬೇಸಿಗೆ ರಜೆಗೆ ನಮ್ಮ ಅಣ್ಣನ ಮಗ ತುಮಕೂರಿಗೆ ಬಂದಿದ್ದ. ರಿಮೋಟ್ ವಿಮಾನದ ಹುಚ್ಚು ಅವನಿಗೆ. ಥರ್ಮಾಕೋಲ್ ಶೀಟು ಕೊಯ್ದು, ಅಂಟಿಸಿ, ರೆಕ್ಕೆಗೆ ಒಂದೊಂದರಂತೆ ಎರಡು ಮೋಟರ್ ಕೂರಿಸಿದ್ದ. ಮಧುಗಿರಿ ರಸ್ತೆ ಕಡೆ ಒಂದು ಒಣಗಿದ ಕೆರೆ ಅಂಗಳ ಇದೆ, ಬೆಳಿಗ್ಗೆ ಆರೂವರೆಗೆ ಅಲ್ಲಿಗೆ ಹೋದೆವು. ಚೆನ್ನಾಗಿ ಹಾರಿತು. ಎರಡು ಸುತ್ತು ಹಾಕಿಸಿ, "ಚಿಕ್ಕಪ್ಪ, ಒಂದು ಮೋಟರ್ ಆಫ್ ಮಾಡ್ಲಾ?" ಅಂದ. ಅದಕ್ಕೇ ಅಂತ ರಿಮೋಟಿನಲ್ಲಿ ಒಂದು ಸ್ವಿಚ್ ಬೇರೆ ಇಟ್ಟಿದ್ದ. ಮೇಲಕ್ಕೆ ಒಯ್ದು ಮಾಡು ಅಂದೆ. ಮಾಡಿದ. ಮೂತಿ ಸ್ವಲ್ಪ ಎಡಕ್ಕೆ ಎಳೆಯಿತು, ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಒತ್ತಿದ, ನೇರ ಆಯಿತು. ಹುಡುಗನಿಗೆ ಖುಷಿ. "ನೋಡಿ, ಏನೂ ಆಗಲ್ಲ!"

ಆಮೇಲೆ ಕೆಳಗೆ ತಂದ. ಇಳಿಸಲು ಹೋಗಿ, ಬೇಡ ಅನ್ನಿಸಿ, ಮತ್ತೆ ಮೇಲೇರಿಸಲು ಎರಡೂ ಮೋಟರಿಗೆ ಪೂರ್ತಿ ಕೊಟ್ಟ. ವೇಗ ಇನ್ನೂ ಕಡಿಮೆ ಇತ್ತು. ಅದೇ ಹೊತ್ತಿಗೆ, ಬೇಕೆಂದೇ, ಎಡಗಡೆಯದನ್ನು ಆಫ್ ಮಾಡಿದ. ನಾನು "ಅಯ್ಯೋ" ಅನ್ನುವಷ್ಟರಲ್ಲಿ ಮೂತಿ ಎಡಕ್ಕೆ ತಿರುಗಿತು, ಎಡರೆಕ್ಕೆ ಕುಸಿಯಿತು, ವಿಮಾನ ಅಂಗಾತ ಮಗುಚಿ ಜಾಲಿ ಗಿಡದೊಳಗೆ ಹೋಯಿತು. ಮುಳ್ಳಿನ ಮಧ್ಯದಿಂದ ಅದನ್ನು ಎಳೆದು ತೆಗೆಯುವಾಗ ಅವನು ಕೇಳಿದ: "ಬಲಗಡೆ ಮೋಟರ್ ಓಡ್ತಾನೇ ಇತ್ತಲ್ಲ ಚಿಕ್ಕಪ್ಪ, ಯಾಕೆ ಬಿತ್ತು?"

ಅದು ಓಡುತ್ತಿದ್ದದ್ದಕ್ಕೇ ಬಿತ್ತು. ಎರಡೂ ನಿಂತಿದ್ದರೆ ತೇಲಿಕೊಂಡು ಕೆರೆ ಅಂಗಳದಲ್ಲಿ ಹೊಟ್ಟೆ ಉಜ್ಜಿಕೊಂಡು ಇಳಿಯುತ್ತಿತ್ತು.

ಎತ್ತಿನ ಗಾಡಿ ಓಡುವಾಗ ಒಂದು ಎತ್ತು ಮುಗ್ಗರಿಸಿ ಬಿದ್ದರೆ ಏನಾಗುತ್ತದೆ ನೋಡಿದ್ದೀರಾ? ಇನ್ನೊಂದು ಎತ್ತು ಎಳೆಯುತ್ತಲೇ ಇರುತ್ತದೆ, ಗಾಡಿ ಬಿದ್ದ ಎತ್ತಿನ ಕಡೆಗೆ ಗಿರಕ್ಕನೆ ತಿರುಗುತ್ತದೆ. ವಿಮಾನದಲ್ಲೂ ಅಷ್ಟೇ. ಆ ತಿರುಗುವಿಕೆಯನ್ನು ತಡೆಯುವುದು ಬಾಲದ ರಡ್ಡರ್. ರಡ್ಡರಿಗೆ ಶಕ್ತಿ ಬರುವುದು ಅದರ ಮೇಲೆ ಬೀಸುವ ಗಾಳಿಯಿಂದ, ಮತ್ತು ಆ ಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ. ವೇಗ ಅರ್ಧ ಆದರೆ ರಡ್ಡರಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಎಂಜಿನ್ ಮಾತ್ರ ನಿಧಾನದಲ್ಲೂ ಪೂರ್ತಿ ಜೋರಾಗಿ ಎಳೆಯುತ್ತದೆ. ಹಾಗಾಗಿ ಪ್ರತಿ ಎರಡು ಎಂಜಿನ್ ವಿಮಾನಕ್ಕೂ ಒಂದು ವೇಗ ಇರುತ್ತದೆ. ಅದಕ್ಕಿಂತ ಕೆಳಗೆ ಹೋದರೆ, ಒಂದು ಎಂಜಿನ್ ನಿಂತು ಇನ್ನೊಂದು ಪೂರ್ತಿ ಶಕ್ತಿಯಲ್ಲಿದ್ದಾಗ, ನೀವು ರಡ್ಡರ್ ಪೆಡಲನ್ನು ತಳಕ್ಕೆ ಒತ್ತಿದರೂ ವಿಮಾನ ನಿಮ್ಮ ಮಾತು ಕೇಳಲ್ಲ. ಕಾರ್ಖಾನೆಯಲ್ಲಿ ಮಾಡಿದ ವಿಮಾನದ ವೇಗದ ಮೀಟರಿನಲ್ಲಿ ಈ ಜಾಗಕ್ಕೆ ಒಂದು ಕೆಂಪು ಗೆರೆ ಎಳೆದಿರುತ್ತಾರೆ. ಒಂದೇ ಎಂಜಿನ್‌ನಲ್ಲಿ ಚೆನ್ನಾಗಿ ಮೇಲೇರುವ ವೇಗಕ್ಕೆ ನೀಲಿ ಗೆರೆ. ಎರಡು ಎಂಜಿನ್ ಕಲಿಯುವವರಿಗೆ ಮೊದಲು ಹೇಳಿಕೊಡುವುದೇ ಈ ಎರಡು ಬಣ್ಣ.

ಕೆಂಪು ಗೆರೆಯ ಕೆಳಗೆ ಸಿಕ್ಕಿಕೊಂಡರೆ ಮಾಡಬೇಕಾದ್ದು ಒಂದೇ. ಓಡುತ್ತಿರುವ, ಚೆನ್ನಾಗಿರುವ ಎಂಜಿನ್ನಿನ ಶಕ್ತಿಯನ್ನು ಕಡಿಮೆ ಮಾಡಿ ಮೂತಿ ಕೆಳಗೆ ಮಾಡಬೇಕು. ಟೇಕಾಫ್ ಆಗಿ ನೂರು ಅಡಿ ಮೇಲಿದ್ದೀರಿ, ಮುಂದೆ ತೆಂಗಿನ ತೋಟ, ಒಂದು ಎಂಜಿನ್ ಸತ್ತಿದೆ. ಆಗ ಉಳಿದಿರುವ ಎಂಜಿನ್ನನ್ನೂ ಹಿಂದಕ್ಕೆ ಎಳೆಯಲು ಯಾರ ಕೈ ಬರುತ್ತದೆ ಹೇಳಿ? ಮನುಷ್ಯನ ಕೈ ತಾನಾಗಿಯೇ ಮುಂದಕ್ಕೆ ನೂಕುತ್ತದೆ.

ಇನ್ನೊಂದು ವಿಷಯ. ಈ ಕೆಂಪು ಗೆರೆ ಎಲ್ಲಿ ಅಂತ ಯಾರು ಕಂಡುಹಿಡಿಯುತ್ತಾರೆ? ಕಂಪನಿಗಳಿಗೆ ಟೆಸ್ಟ್ ಪೈಲಟ್‌ಗಳಿದ್ದಾರೆ, ವಿಂಡ್ ಟನೆಲ್ ಇದೆ. ಅವರು ಸಾವಿರಾರು ಅಡಿ ಮೇಲೆ ಹೋಗಿ, ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು, ಒಂದು ಎಂಜಿನ್ ನಿಲ್ಲಿಸಿ ನಿಧಾನಕ್ಕೆ ವೇಗ ಇಳಿಸುತ್ತಾ ಹುಡುಕುತ್ತಾರೆ. ಸ್ವಂತ ಡಿಸೈನ್ ಮಾಡಿದ ಮನೆಯವರು? ತಾವೇ ಹುಡುಕಬೇಕು. ಆ ವೇಗದ ಹತ್ತಿರವೇ ರೆಕ್ಕೆ ಸ್ಟಾಲ್ ಆದರೆ, ಅಂದರೆ ಎತ್ತುವ ಶಕ್ತಿ ಕಳೆದುಕೊಂಡರೆ, ಒಂದು ಕಡೆ ಎಳೆತ ಇರುವುದರಿಂದ ವಿಮಾನ ಬುಗುರಿ ಥರ ಗಿರಗಿರ ಸುತ್ತುತ್ತಾ ಬೀಳುತ್ತದೆ.

ಇಲ್ಲಿಯವರೆಗೆ ತಿರುಗುವ ಕಥೆ ಆಯಿತು. ಸರಿ, ನೀವು ಕೈಚಳಕದವರು, ನೇರವಾಗಿ ಹಿಡಿದಿರಿ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೂ ಮೇಲೇರುತ್ತದಾ? ಇದನ್ನು ಸಂಬಳದ ಲೆಕ್ಕದಲ್ಲಿ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರಿಗೂ 50,000 ಸಂಬಳ. ಬಾಡಿಗೆ, ರೇಷನ್ನು, ಸ್ಕೂಲ್ ಫೀಜು ಎಲ್ಲ ಸೇರಿ ತಿಂಗಳ ಖರ್ಚು 45,000. ಉಳಿಯುವುದು 55,000. ಈಗ ಒಬ್ಬರ ಕೆಲಸ ಹೋಯಿತು. ಆದಾಯ ಅರ್ಧ ಆಯಿತು, ನಿಜ. ಉಳಿತಾಯ ಅರ್ಧ ಆಯಿತಾ? ಇಲ್ಲ. 55,000 ಇದ್ದದ್ದು 5,000ಕ್ಕೆ ಬಂತು. ವಿಮಾನ ಮೇಲೇರುವುದು ಈ ಉಳಿತಾಯದಲ್ಲಿ, ಆದಾಯದಲ್ಲಿ ಅಲ್ಲ. ಸುಮ್ನೆ ನೇರ ಹಾರಲು ಬೇಕಾದ ಶಕ್ತಿ ಮನೆ ಖರ್ಚಿದ್ದ ಹಾಗೆ, ಮಿಕ್ಕಿದ್ದು ಮಾತ್ರ ಮೇಲೇರಲು. ಇದಕ್ಕೆ ಇನ್ನೊಂದು ಸೇರಿಸಿ: ಕೆಲಸ ಹೋದವರು ಆಸ್ಪತ್ರೆಗೂ ಸೇರಿದರು ಅಂತ. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಾ ಬ್ರೇಕ್ ಹಿಡಿದ ಹಾಗೆ ಹಿಂದಕ್ಕೆ ಎಳೆಯುತ್ತದೆ. ಅದು ಆಸ್ಪತ್ರೆ ಬಿಲ್ಲು. ಆಗ ಆ 5,000ವೂ ಇಲ್ಲ, ಸಾಲ ಶುರು. ಸಾಲ ಅಂದರೆ ಇಲ್ಲಿ ಎತ್ತರ ಕಳೆದುಕೊಳ್ಳುವುದು.

ನಿಜವಾದ ವಿಮಾನದ ಅಂಕಿ ಬೇಕಾ? ಪೈಪರ್ ಸೆಮಿನೋಲ್ ಅಂತ ಒಂದಿದೆ, ಎರಡು ಎಂಜಿನ್ ಕಲಿಸುವ ಶಾಲೆಗಳಲ್ಲಿ ಪ್ರಪಂಚದಾದ್ಯಂತ ಬಳಸುವ ವಿಮಾನ, ಪಕ್ಕಾ ಕಂಪನಿಯದು. ಎರಡೂ 180 ಎಚ್‌ಪಿ ಎಂಜಿನ್ ಓಡುತ್ತಿದ್ದರೆ ಸಮುದ್ರ ಮಟ್ಟದಲ್ಲಿ ನಿಮಿಷಕ್ಕೆ 1,300 ಅಡಿ ಚಿಲ್ಲರೆ ಏರುತ್ತದೆ. ಒಂದು ನಿಂತರೆ? 200 ಅಡಿ ಚಿಲ್ಲರೆ, ಅದೂ ಪೈಲಟ್ ಎಲ್ಲವನ್ನೂ ಸರಿಯಾಗಿ ಮಾಡಿದರೆ. ಪೂರ್ತಿ ತೂಕದಲ್ಲಿ ಒಂದೇ ಎಂಜಿನ್‌ನಲ್ಲಿ ಅದು ಒಂದಿಷ್ಟಾದರೂ ಏರಬಲ್ಲ ಎತ್ತರ ಸುಮಾರು 3,800 ಅಡಿ.

ಈಗ ನಮ್ಮೂರಿಗೆ ಬನ್ನಿ. ತುಮಕೂರು ಇರುವುದೇ ಸಮುದ್ರ ಮಟ್ಟದಿಂದ 2,700 ಅಡಿ ಮೇಲೆ. ಕೋಲಾರವೂ ಹೆಚ್ಚು ಕಡಿಮೆ ಅಷ್ಟೇ, ಚಿಕ್ಕಬಳ್ಳಾಪುರ ಇನ್ನೂ ಒಂದು ಕೈ ಮೇಲೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿಲಿದೆ ಅಂದುಕೊಳ್ಳಿ. ಬಿಸಿಗಾಳಿ ತೆಳು. 2,700 ಅಡಿಯಲ್ಲಿ ಲೆಕ್ಕದ ಪ್ರಕಾರ ಇರಬೇಕಾದ ಉಷ್ಣಾಂಶ ಹತ್ತು ಡಿಗ್ರಿಯ ಹತ್ತಿರ. ನಮ್ಮಲ್ಲಿ 26 ಜಾಸ್ತಿ ಆಯಿತು. ಒಂದು ಡಿಗ್ರಿಗೆ 120 ಅಡಿಯಂತೆ ಸೇರಿಸುತ್ತಾರೆ. 26 ಸಲ 120 ಅಂದರೆ ಮೂರು ಸಾವಿರಕ್ಕೂ ಮೇಲೆ. ಅಂದರೆ ಎಂಜಿನ್‌ಗೂ ರೆಕ್ಕೆಗೂ ನೀವು ತುಮಕೂರಿನ ನೆಲದ ಮೇಲೆ ನಿಂತಿದ್ದರೂ 5,800 ಅಡಿ ಎತ್ತರದಲ್ಲಿದ್ದ ಹಾಗೆ, ನಂದಿ ಬೆಟ್ಟದ ತುದಿಗಿಂತ ಸಾವಿರ ಅಡಿ ಮೇಲೆ. ಆ ಕಂಪನಿ ವಿಮಾನವೇ ಪೂರ್ತಿ ತೂಕ ಹೊತ್ತು ನಮ್ಮ ಬಿಸಿಲಲ್ಲಿ ಟೇಕಾಫ್ ಆಗಿ ಒಂದು ಎಂಜಿನ್ ಕಳೆದುಕೊಂಡರೆ ಏರುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ನೀವು ಮನೆಯಲ್ಲಿ ಕಟ್ಟಿದ್ದು ಇದಕ್ಕಿಂತ ಚೆನ್ನಾಗಿರಬೇಕಾದರೆ ಎಷ್ಟು ಶಕ್ತಿ, ಎಷ್ಟು ಹಗುರ ಬೇಕು ಯೋಚಿಸಿ. ಅಮೆರಿಕದ ಹಳೆಯ ನಿಯಮದಲ್ಲೇ 6,000 ಪೌಂಡಿಗಿಂತ ಹಗುರವಾದ, ನಿಧಾನಕ್ಕೆ ಇಳಿಯಬಲ್ಲ ಎರಡು ಎಂಜಿನ್ ವಿಮಾನ ಒಂದು ಎಂಜಿನ್‌ನಲ್ಲಿ ಮೇಲೇರಲೇಬೇಕು ಅಂತ ಕಡ್ಡಾಯ ಇರಲಿಲ್ಲ. ಏರುತ್ತದೋ ಇಳಿಯುತ್ತದೋ ಅಳೆದು ಪುಸ್ತಕದಲ್ಲಿ ಬರೆದರೆ ಸಾಕಿತ್ತು. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ.

ಆ ಆಸ್ಪತ್ರೆ ಬಿಲ್ಲು ತಪ್ಪಿಸಲು ಒಂದು ದಾರಿ ಇದೆ. ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಗೆ ಅಂಚು ಕೊಟ್ಟು ತಿರುಗಿಸಿಬಿಡುವುದು, ಫೆದರ್ ಮಾಡುವುದು ಅನ್ನುತ್ತಾರೆ. ಆಗ ಎಳೆತ ತುಂಬಾ ಕಡಿಮೆ. ಆದರೆ ಅಂಥ ಪ್ರೊಪೆಲ್ಲರಿಗೆ ಗವರ್ನರ್, ಎಣ್ಣೆ ಒತ್ತಡದ ಏರ್ಪಾಟು, ಸ್ಪ್ರಿಂಗು ಎಲ್ಲ ಬೇಕು. ತೂಕ, ಖರ್ಚು, ಕೆಡುವ ಭಾಗಗಳು ಮೂರೂ ಜಾಸ್ತಿ. ಸಣ್ಣ ಮನೆ ವಿಮಾನಕ್ಕೆ ಹಾಕುವುದು ಸಾಮಾನ್ಯವಾಗಿ ಅಲಗು ಗಟ್ಟಿಯಾಗಿ ಕೂತ ಪ್ರೊಪೆಲ್ಲರ್, ಅದರಲ್ಲಿ ಈ ಆಟ ನಡೆಯಲ್ಲ.

ಇನ್ನು ಕೆಡುವ ಲೆಕ್ಕ. ಒಂದು ಎಂಜಿನ್ ಇದ್ದರೆ ಕೆಡಬಹುದಾದ್ದು ಒಂದು, ಎರಡಿದ್ದರೆ ಎರಡು. ಅಂದರೆ ದಾರಿಯಲ್ಲಿ ಯಾವುದೋ ಒಂದು ಎಂಜಿನ್ ಕೈಕೊಡುವ ಸಾಧ್ಯತೆಯೇ ದುಪ್ಪಟ್ಟು. 1927ರಲ್ಲಿ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಒಬ್ಬನೇ ಹೋದನಲ್ಲ, ಅವನು ಒಂದೇ ಎಂಜಿನ್ ವಿಮಾನ ಬೇಕು ಅಂತ ಹಟ ಹಿಡಿದದ್ದು ಇದೇ ಲೆಕ್ಕದಲ್ಲಿ. ಅವನಿಗಿಂತ ಹಿಂದಿನ ವರ್ಷ ಫ್ರಾನ್ಸಿನ ಪೈಲಟ್ ರೆನೆ ಫಾಂಕ್ ಅದೇ ಪ್ರಯಾಣಕ್ಕೆ ಮೂರು ಎಂಜಿನ್ನಿನ ಸಿಕೊರ್‌ಸ್ಕಿ ವಿಮಾನ ತಂದಿದ್ದ. ಭಾರಕ್ಕೆ ಅದು ನೆಲ ಬಿಟ್ಟೇ ಏಳಲಿಲ್ಲ, ರನ್‌ವೇ ಕೊನೆಯಲ್ಲೇ ಸುಟ್ಟುಹೋಯಿತು.

ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಇದು ಇನ್ನೂ ಸೂಕ್ಷ್ಮ. ಎಂಜಿನ್ ನಿಲ್ಲುವುದು ಬಹಳ ಸಲ ಎಂಜಿನ್ನಿನ ತಪ್ಪಿನಿಂದಲ್ಲ, ಅದಕ್ಕೆ ಪೆಟ್ರೋಲು ತರುವ ಪೈಪು, ಫಿಲ್ಟರು, ಟ್ಯಾಂಕಿನ ಗಾಳಿಕಿಂಡಿ, ವೈರಿಂಗು, ಇಂಥವುಗಳಿಂದ. ಅವನ್ನೆಲ್ಲ ಹಾಕಿದವರು ಯಾರು? ನೀವೇ. ಎಡಗಡೆ ಪೈಪನ್ನು ಸೈಲೆನ್ಸರಿನ ಹತ್ತಿರ ಎಳೆದವರು ಬಲಗಡೆಯದನ್ನೂ ಹಾಗೇ ಎಳೆದಿರುತ್ತೀರಿ. ಒಂದೇ ತಪ್ಪು ಎರಡು ಕಡೆ ಕೂತಿರುತ್ತದೆ. ಟ್ಯಾಂಕಿನಲ್ಲಿ ನೀರು ಸೇರಿದರೆ ಎರಡೂ ಎಂಜಿನ್ ಕುಡಿಯುವುದು ಅದನ್ನೇ. ಅಮೆರಿಕದ ಅಪಘಾತ ತನಿಖೆ ಮಂಡಳಿ 2012ರಲ್ಲಿ ಮನೆ ಕಟ್ಟಿದ ವಿಮಾನಗಳ ಬಗ್ಗೆ ಒಂದು ಅಧ್ಯಯನ ಮಾಡಿತ್ತು. ಅದರಲ್ಲಿ ಎದ್ದು ಕಂಡ ಎರಡು ಕಾರಣ: ಎಂಜಿನ್ ಶಕ್ತಿ ಕಳೆದುಕೊಂಡದ್ದು, ಹಾರುವಾಗ ಹಿಡಿತ ತಪ್ಪಿದ್ದು. ಎರಡು ಎಂಜಿನ್ ಹಾಕಿದರೆ ಈ ಎರಡನ್ನೂ ನೀವೇ ಒಟ್ಟಿಗೆ ಕಟ್ಟಿ ಹಾಕಿದ ಹಾಗೆ, ಯಾಕೆಂದರೆ ಮೊದಲನೆಯದು ಆದ ತಕ್ಷಣ ಎರಡನೆಯದಕ್ಕೆ ಬಾಗಿಲು ತೆರೆಯುತ್ತದೆ.

ಅಂದ ಹಾಗೆ, ವಿಮಾನದ ಎಂಜಿನ್ ಒಂದೇ ಇದ್ದರೂ ಅದರೊಳಗೆ ಆಗಲೇ ಒಂದು ಸ್ಟೆಪ್ನಿ ಇರುತ್ತದೆ. ಲೈಕಮಿಂಗ್ ಕಂಪನಿಯ ನಾಲ್ಕು ಸಿಲಿಂಡರಿನ ವಿಮಾನ ಎಂಜಿನ್ ಬಿಚ್ಚಿ ನೋಡಿ, ಪ್ರತಿ ಸಿಲಿಂಡರಿಗೂ ಎರಡು ಪ್ಲಗ್, ಒಟ್ಟು ಎಂಟು. ಪ್ಲಗ್‌ಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಎರಡು. ಒಂದು ಸತ್ತರೆ ಆರ್‌ಪಿಎಂ ಸ್ವಲ್ಪ ಬೀಳುತ್ತದೆ ಅಷ್ಟೇ, ಎಂಜಿನ್ ನಡೆಯುತ್ತದೆ, ವಿಮಾನ ಯಾವ ಕಡೆಗೂ ತಿರುಗುವುದಿಲ್ಲ. ನನ್ನ ಕೇಳಿದರೆ ಇದೇ ಜಾಣ ಸ್ಟೆಪ್ನಿ.

ಒಂದು ಎಂಜಿನ್ ನಿಂತರೆ ಒಂದೇ ಎಂಜಿನ್ ವಿಮಾನದವರಿಗೆ ಯೋಚನೆ ಮಾಡಲು ಏನೂ ಇಲ್ಲ. ಮೂತಿ ಇಳಿಸು, ಜಾಗ ಹುಡುಕು, ಇಳಿ. ಕೊಯ್ಲಾದ ರಾಗಿ ಹೊಲ ಸಿಕ್ಕರೆ ವಿಮಾನ ಮುರಿದರೂ ಎದ್ದು ನಡೆದು ಬರಬಹುದು. ಎರಡು ಎಂಜಿನ್ ವಿಮಾನದವರಿಗೆ ಮೊದಲು ಯಾವುದು ನಿಂತಿದೆ ಅಂತ ಗೊತ್ತಾಗಬೇಕು. ತಮಾಷೆ ಅಲ್ಲ ಇದು. "ಸತ್ತ ಕಾಲು, ಸತ್ತ ಎಂಜಿನ್" ಅಂತ ಹೇಳಿಕೊಡುತ್ತಾರೆ. ನೇರ ಹಿಡಿಯಲು ಯಾವ ಕಾಲು ಒತ್ತುತ್ತಿಲ್ಲವೋ ಆ ಕಡೆಯ ಎಂಜಿನ್ ಹೋಗಿದೆ ಅಂತ. ಆದರೂ ತಪ್ಪಾಗುತ್ತದೆ. 2015ರ ಫೆಬ್ರವರಿ 4ರಂದು ತೈವಾನಿನ ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ಕಂಪನಿಯ ಎರಡು ಎಂಜಿನ್ನಿನ ಎಟಿಆರ್ ಪ್ರಯಾಣಿಕ ವಿಮಾನ ಟೇಕಾಫ್ ಆದ ಕೂಡಲೇ ಬಲಗಡೆಯ ಪ್ರೊಪೆಲ್ಲರ್ ತಾನಾಗಿ ಫೆದರ್ ಆಯಿತು. ಪೈಲಟ್ ಗಾಬರಿಯಲ್ಲಿ ಚೆನ್ನಾಗಿದ್ದ ಎಡಗಡೆಯದನ್ನು ನಿಲ್ಲಿಸಿದರು. ಸತ್ತವರು 43 ಜನ. ಇವರು ಸಂಬಳಕ್ಕೆ ಹಾರಿಸುವವರು, ಸಿಮ್ಯುಲೇಟರಿನಲ್ಲಿ ಇದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡುವವರು. ಭಾನುವಾರಕ್ಕೊಮ್ಮೆ ಹಾರಿಸುವವರ ಕೈ ಎಷ್ಟು ಚುರುಕಿರುತ್ತದೆ?

ನಮ್ಮ ಕಡೆಯ ಒಂದು ದುಃಖದ ಘಟನೆಯನ್ನೂ ಹೇಳಬೇಕು. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮಾಡಿದ ಸರಸ್, ಬಾಲದ ಕಡೆ ಎರಡು ಎಂಜಿನ್ ಇಟ್ಟ ವಿಮಾನ. 2009ರ ಮಾರ್ಚ್ 6ರಂದು ಅದರ ಎರಡನೇ ಮಾದರಿಯನ್ನು ಪರೀಕ್ಷೆ ಮಾಡುತ್ತಿದ್ದರು. ಹಾರುವಾಗಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಬಿಡದಿ ಹತ್ತಿರ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಇಡೀ ಸಂಸ್ಥೆ ಹಿಂದೆ ನಿಂತು, ಪಳಗಿದ ಟೆಸ್ಟ್ ಪೈಲಟ್‌ಗಳು ಮಾಡಿದ ಕೆಲಸ. ಅದೇ ಎನ್‌ಎಎಲ್ ಮಾಡಿದ ಹಂಸ ತರಬೇತಿ ವಿಮಾನಕ್ಕೆ ಒಂದೇ ಎಂಜಿನ್. 1987ರಲ್ಲಿ ಅವರು ಅಮೆರಿಕದ ವಿಮಾನ ಡಿಸೈನರ್ ಬರ್ಟ್ ರುಟಾನ್ ಮಾಡಿದ, ಮನೆಯಲ್ಲೇ ಕಟ್ಟಬಹುದಾದ ಲಾಂಗ್-ಈಝಡ್ ಡಿಸೈನ್ ಹಿಡಿದು ಹಾರಿಸಿದ ಸಣ್ಣ ವಿಮಾನಕ್ಕೂ ಒಂದೇ. ಮುಂಬೈಯಲ್ಲಿ ಅಪಾರ್ಟ್‌ಮೆಂಟಿನ ತಾರಸಿ ಮೇಲೆ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರದ್ದು ಆರು ಸೀಟಿನದು, ಅದಕ್ಕೂ ಒಂದೇ.

ಧ್ರುವ್ ಬಗ್ಗೆ ಕೇಳಿದ್ದಿರಿ. ಒಳ್ಳೆ ಪ್ರಶ್ನೆ, ಆದರೆ ಅಲ್ಲಿ ಕಥೆಯೇ ಬೇರೆ. ಅದರ 'ಶಕ್ತಿ' ಹೆಸರಿನ ಎರಡು ಎಂಜಿನ್‌ಗಳೂ ಒಂದೇ ಗೇರ್‌ಬಾಕ್ಸಿಗೆ ಸೇರಿ ಒಂದೇ ರೋಟರನ್ನು ತಿರುಗಿಸುತ್ತವೆ. ಒಂದು ನಿಂತರೆ ರೋಟರಿಗೆ ಬರುವ ಶಕ್ತಿ ಕಡಿಮೆ ಆಗುತ್ತದೆ, ಆದರೆ ಯಾವ ಪಕ್ಕಕ್ಕೂ ಎಳೆಯುವುದಿಲ್ಲ. ಎರಡು ಎತ್ತನ್ನು ಗಾಣಕ್ಕೆ ಕಟ್ಟಿದ ಹಾಗೆ ಅನ್ನಿ. ಇನ್ನು ನಿಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಮೊದಲಿಗೆ ಮಾಡಲು ಹೊರಟದ್ದು ಎಲ್‌ಯುಎಚ್ ಅನ್ನುವ ಹಗುರ ಹೆಲಿಕಾಪ್ಟರ್. ಅದಕ್ಕೆ ಇರುವುದು ಒಂದೇ ಎಂಜಿನ್. ಮನೆ ಬಾಗಿಲಲ್ಲೇ ಉದಾಹರಣೆ ಇಟ್ಟುಕೊಂಡು ಧ್ರುವ್ ಕಡೆ ನೋಡುತ್ತಿದ್ದೀರಿ!

ಹಾಗಂತ ಯಾರೂ ಮಾಡೇ ಇಲ್ಲ ಅಂತಲ್ಲ. ಮಾಡಿದವರು ಈ ಪಕ್ಕಕ್ಕೆ ಎಳೆಯುವ ತೊಂದರೆಯನ್ನು ಮೊದಲು ಬಗೆಹರಿಸಿಕೊಂಡರು. ನನಗೆ ಇಷ್ಟವಾದದ್ದು ಫ್ರಾನ್ಸಿನ ಮಿಶೆಲ್ ಕೊಲಂಬಾನ್ ಮಾಡಿದ ಕ್ರಿ-ಕ್ರಿ. 1973ರಲ್ಲಿ ಹಾರಿತು. ಖಾಲಿ ತೂಕ 78 ಕಿಲೋ, ಅಂದರೆ ಆಕ್ಟಿವಾಗಿಂತ ಹಗುರ. ರೆಕ್ಕೆ ತುದಿಯಿಂದ ತುದಿಗೆ 4.9 ಮೀಟರ್. ಆಮೇಲಿನವುಗಳಿಗೆ 15 ಎಚ್‌ಪಿಯ ಎರಡು ಪುಟ್ಟ ಎಂಜಿನ್. ಅವನ್ನು ರೆಕ್ಕೆಯ ಮೇಲೆ ಇಡದೆ ಮೂತಿಯಿಂದ ಬಸವನಹುಳದ ಕೊಂಬಿನ ಹಾಗೆ ಎರಡು ಕಡ್ಡಿ ಚಾಚಿ ಅದರ ತುದಿಗೆ ಕೂರಿಸಿದ್ದಾನೆ. ಎರಡೂ ಪ್ರೊಪೆಲ್ಲರ್ ಹತ್ತಿರ ಹತ್ತಿರ, ಹಾಗಾಗಿ ಒಂದು ನಿಂತರೆ ಎಳೆತ ಸ್ವಲ್ಪವೇ. ಏರ್ ಕ್ಯಾಮ್ ಅಂತ ಇನ್ನೊಂದು ಕಿಟ್ ಅಮೆರಿಕದ್ದು. ಆಫ್ರಿಕಾದ ಕಾಡಿನ ಮೇಲೆ ಫೋಟೊ ತೆಗೆಯಲು ಅಂತ ಹುಟ್ಟಿದ್ದು. ಕಾಡಿನ ಮೇಲೆ ಎಂಜಿನ್ ನಿಂತರೆ ಇಳಿಯಲು ಜಾಗ ಇಲ್ಲವಲ್ಲ, ಅಲ್ಲಿ ಎರಡನೆಯದು ಬೇಕೇ ಬೇಕು. ಅದಕ್ಕೇ ಅವರು ಹಗುರವಾದ, ಮೈ ತೆರೆದ, ದೋಣಿಯಂಥ ವಿಮಾನಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಶಕ್ತಿ ಕೊಟ್ಟರು. ಈಗ 100 ಎಚ್‌ಪಿಯ ಎರಡು ರೋಟಾಕ್ಸ್ ಹಾಕುತ್ತಾರೆ. ವೇಗದ ಆಸೆಯನ್ನು ಪೂರ್ತಿ ಬಿಟ್ಟು ಪಡೆದ ಸ್ಟೆಪ್ನಿ ಅದು. ಸಂಬಳದ ಲೆಕ್ಕದಲ್ಲಿ ಹೇಳಿದರೆ, ಒಬ್ಬರ ದುಡಿಮೆಯಲ್ಲೇ ಸಂಸಾರ ನಡೆಸಿಕೊಂಡು ಇನ್ನೊಬ್ಬರದ್ದನ್ನು ಪೂರ್ತಿ ಬ್ಯಾಂಕಿಗೆ ಹಾಕುವವರು.

ರುಟಾನ್ 1978ರಲ್ಲಿ ಡಿಫಾಯಂಟ್ ಅಂತ ಒಂದನ್ನು ಹಾರಿಸಿದ. ಒಂದು ಎಂಜಿನ್ ಮೂತಿಯಲ್ಲಿ, ಇನ್ನೊಂದು ಬೆನ್ನ ಹಿಂದೆ, ಎರಡೂ ಒಂದೇ ಗೆರೆಯಲ್ಲಿ. ಪಕ್ಕದ ಎಳೆತವೇ ಇಲ್ಲ. ಜಾಣ ಉಪಾಯ, ಆದರೂ ನಕ್ಷೆ ತೆಗೆದುಕೊಂಡು ಕಟ್ಟಿದವರು ತುಂಬಾ ಕಡಿಮೆ. ಇದೇ ಥರದ ಸೆಸ್ನಾ ಸ್ಕೈಮಾಸ್ಟರ್ 1960ರ ದಶಕದಲ್ಲಿ ಕಾರ್ಖಾನೆಯಿಂದಲೇ ಬಂತು. ಅಲ್ಲಿ ಬೇರೆ ಪೇಚಾಟ. ನೆಲದ ಮೇಲೆ ಹಿಂದಿನ ಎಂಜಿನ್ ನಿಂತುಹೋದರೆ ಪೈಲಟ್‌ಗೆ ಗೊತ್ತೇ ಆಗುತ್ತಿರಲಿಲ್ಲ. ಪಕ್ಕಕ್ಕೆ ಎಳೆಯಲ್ಲ, ಕಣ್ಣಿಗೂ ಕಾಣಲ್ಲ. ಒಂದೇ ಎಂಜಿನ್‌ನಲ್ಲಿ ಟೇಕಾಫ್‌ಗೆ ಹೊರಟುಬಿಡುತ್ತಿದ್ದರು. ಹಾಗೆ ಮಾಡಬೇಡಿ ಅಂತ ಕಾಕ್‌ಪಿಟ್ಟಿನಲ್ಲಿ ಫಲಕ ಹಾಕಿಸಬೇಕಾಯಿತು.

ಈಗ ದುಡ್ಡು. ಎಂಜಿನ್ ಎರಡು ಅಂದರೆ ಖರ್ಚು ಎರಡರಷ್ಟು ಅಂತ ತಿಳಿಯಬೇಡಿ, ಅದಕ್ಕೂ ಜಾಸ್ತಿ. ಹೊಸ ಲೈಕಮಿಂಗ್ ಒಂದರ ದುಡ್ಡಲ್ಲಿ ತುಮಕೂರಿನ ಹೊರಗೆ ಸಣ್ಣದೊಂದು ಮನೆ ಏಳುತ್ತದೆ. ಎರಡು ಎಂಜಿನ್‌ಗೆ ರೆಕ್ಕೆ ಗಟ್ಟಿ ಬೇಕು, ಬಾಲ ದೊಡ್ಡದು ಬೇಕು, ಥ್ರಾಟಲ್, ಮೀಟರು, ಪೈಪು ಎಲ್ಲ ಎರಡೆರಡು. 160 ಎಚ್‌ಪಿಯ ಒಂದು ಎಂಜಿನ್ ಗಂಟೆಗೆ ಮೂವತ್ತು ಲೀಟರಿನ ಮೇಲೆ ಕುಡಿಯುತ್ತದೆ. ಹೆಚ್ಚು ಜನ ಕಟ್ಟುವ ವ್ಯಾನ್ಸ್ ಕಂಪನಿಯ ಆರ್‌ವಿ ಕಿಟ್‌ಗೇ 1,500ರಿಂದ 2,000 ಗಂಟೆ ಕೆಲಸ ಹಿಡಿಯುತ್ತದೆ. ಆ ಕಿಟ್‌ಗಳಲ್ಲಿ 10,000ಕ್ಕೂ ಹೆಚ್ಚು ಹಾರಿವೆ, ಎಲ್ಲವೂ ಒಂದೇ ಎಂಜಿನ್.

ಕಟ್ಟಿದ ಮೇಲೆ ಸಾಕುವುದೂ ಇದೆಯಲ್ಲ. ನಾನಿದ್ದ ಒಂದು ಹ್ಯಾಂಗರಿನಲ್ಲಿ ಎರಡು ಎಂಜಿನ್ ತರಬೇತಿ ವಿಮಾನ ಒಂದಿತ್ತು. ಎಡಗಡೆಯ ಒಂದು ಮ್ಯಾಗ್ನೆಟೊ ಕೆಟ್ಟಿತು. ತರಿಸಿದ್ದು ಬೇರೆ ಮಾಡೆಲ್‌ನದು ಬಂತು, ವಾಪಸ್ ಹೋಯಿತು, ಕಸ್ಟಮ್ಸು, ಕಾಗದ ಪತ್ರ ಅಂತ ಆರು ತಿಂಗಳು. ಬಲಗಡೆ ಎಂಜಿನ್ ಗಡಿಯಾರದ ಹಾಗಿತ್ತು, ಆದರೂ ಇಡೀ ವಿಮಾನ ಮೂಲೆಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತಿತ್ತು. ತುಕ್ಕು ಹಿಡಿಯಬಾರದು ಅಂತ ಚೆನ್ನಾಗಿರುವ ಎಂಜಿನ್‌ಗೂ ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಬಿಡುವ ಕೆಲಸ ನನ್ನದು. ಪಕ್ಕದಲ್ಲಿ ಒಂದೇ ಎಂಜಿನ್ನಿನ ಹಳೇ ಸೆಸ್ನಾ ದಿನಾ ಹೋಗಿ ಬರುತ್ತಿತ್ತು.

ಕೊನೆಗೆ ನಿಮ್ಮ ಬುಲೆಟ್. ಬೇಡ. 350 ಸಿಸಿ ಬುಲೆಟ್ ಕೊಡುವುದು 20 ಎಚ್‌ಪಿ, ಅದೂ ಒಂದಷ್ಟು ಹೊತ್ತು. ಶಿರಾ ರಸ್ತೆಯಲ್ಲಿ ಅರವತ್ತರಲ್ಲಿ ಹೋಗುವಾಗ ಅದರಲ್ಲಿ ಸ್ವಲ್ಪ ಭಾಗ ಮಾತ್ರ ಬಳಕೆಯಾಗುತ್ತದೆ. ವಿಮಾನದ ಎಂಜಿನ್ ಟೇಕಾಫ್‌ನಲ್ಲಿ ಪೂರ್ತಿ, ಆಮೇಲೂ ಗಂಟೆಗಟ್ಟಲೆ ಮುಕ್ಕಾಲು ಭಾಗ ಶಕ್ತಿ ಕೊಡುತ್ತಲೇ ಇರಬೇಕು. ಹಾಗೆ ದುಡಿಸಿದರೆ ಬುಲೆಟ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಕೊಡುವ ಶಕ್ತಿಗೆ ಅದರ ಕಬ್ಬಿಣದ ಭಾರವೂ ಜಾಸ್ತಿ. ಜೊತೆಗೆ ಮನುಷ್ಯ ಕೂತು ಹಾರುವ ಯಾವುದಕ್ಕೂ ವಿಮಾನಯಾನದ ಸರ್ಕಾರಿ ಇಲಾಖೆ ಡಿಜಿಸಿಎಯ ನೋಂದಣಿ, ಪರವಾನಗಿ ಬೇಕು. ಹೊಲದಲ್ಲಿ ಕಟ್ಟಿ ಹೊಲದಲ್ಲೇ ಹಾರಿಸಿದೆ ಅಂದರೆ ಪೊಲೀಸರು ಬರುತ್ತಾರೆ, ಅದಕ್ಕೂ ಮೊದಲು ಆಂಬುಲೆನ್ಸ್ ಬಂದಿರುತ್ತದೆ.

ಆಸೆ ಬಿಡಿ ಅಂತ ಹೇಳುತ್ತಿಲ್ಲ. ಎರಡು ಮೋಟರಿನ ರಿಮೋಟ್ ವಿಮಾನ ಮಾಡಿ. ಒಂದೊಂದನ್ನೇ ನಿಲ್ಲಿಸಿ ನೋಡಿ, ಯಾವ ವೇಗದಲ್ಲಿ ಮಗುಚುತ್ತದೆ ಬರೆದಿಟ್ಟುಕೊಳ್ಳಿ. ಆಮೇಲೆ ಮೋಟರುಗಳನ್ನು ಒಂದಕ್ಕೊಂದು ಹತ್ತಿರ ತಂದು ಮತ್ತೆ ನೋಡಿ. ಬಾಲ ದೊಡ್ಡದು ಮಾಡಿ ನೋಡಿ. ನಾಲ್ಕು ಥರ್ಮಾಕೋಲ್ ಶೀಟು ಹಾಳಾಗುತ್ತವೆ, ಅಷ್ಟೇ ಖರ್ಚು. ನಿಮ್ಮ ಡಿಪ್ಲೊಮಾ ಪ್ರಾಜೆಕ್ಟಿಗೂ ಆಗುತ್ತದೆ.

ನಮ್ಮ ಹುಡುಗನ ವಿಮಾನದಲ್ಲಿ ಎಡಗಡೆ ಮೋಟರಿನ ಶಾಫ್ಟ್ ಬಾಗಿಹೋಗಿತ್ತು. ಬಲಗಡೆಯದಕ್ಕೆ ಏನೂ ಆಗಿರಲಿಲ್ಲ. ಊರಿಗೆ ಹೊರಡುವ ಹಿಂದಿನ ರಾತ್ರಿ ಕೂತು ಹೊಸದೊಂದು ಕೊಯ್ದು, ಆ ಮೋಟರನ್ನು ಮೂತಿಗೆ ಹಾಕಿಕೊಂಡು ಹೋದ.